ಚೀನಾ ಪಾಠ ಮಾಡುವವರು ಎಲ್ಲಿ ಕಲಿಯಬೇಕು? ಶಿಕ್ಷಕರ ಮುಂದಿರುವ ದಾರಿಗಳ ಹೋಲಿಕೆ

ನಮ್ಮ ಶಾಲಾ ಪಠ್ಯಗಳಲ್ಲಿ ಚೀನಾ ಎದ್ದು ಕಾಣುವುದು ಮೂರು ಕಡೆ. ಹರ್ಷವರ್ಧನನ ಕಾಲಕ್ಕೆ ಬಂದ ಯಾತ್ರಿಕ ಹ್ಯೂಯೆನ್‌ತ್ಸಾಂಗ್‌ನ ಹೆಸರಿನಲ್ಲಿ ಒಮ್ಮೆ, 1954ರ ಪಂಚಶೀಲದಲ್ಲಿ ಒಮ್ಮೆ, 1962ರ ಯುದ್ಧದಲ್ಲಿ ಮತ್ತೊಮ್ಮೆ. ನಡುವಿನ ಹದಿಮೂರು ಶತಮಾನಗಳಲ್ಲಿ ಆ ಜನ ಏನು ಮಾಡುತ್ತಿದ್ದರು ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಹೇಳುವುದಕ್ಕೆ ನಮಗೂ ಗೊತ್ತಿರುವುದಿಲ್ಲ. ಮಕ್ಕಳು ಮಾತ್ರ ಗಲ್ವಾನ್, ನಿಷೇಧಗೊಂಡ ಆ್ಯಪ್‌ಗಳು, ಅಗ್ಗದ ಆಟಿಕೆ ಎಲ್ಲವನ್ನೂ ಹೊತ್ತು ತರಗತಿಗೆ ಬರುತ್ತಾರೆ. ಅವರ ಪ್ರಶ್ನೆಗೆ ಉತ್ತರ ಹುಡುಕುವ ಶಿಕ್ಷಕರಿಗೆ ಸುಲಭವಾಗಿ ಕೈಗೆ ಸಿಗುವುದು ರಾತ್ರಿ ಒಂಬತ್ತರ ಟಿವಿ ಚರ್ಚೆ. ಅದಕ್ಕಿಂತ ಒಳ್ಳೆಯ ದಾರಿಗಳಿವೆ, ಹೆಚ್ಚಿನವಕ್ಕೆ ಕಾಸೂ ಬೇಡ. ಆದರೆ ಎಲ್ಲವೂ ಎಲ್ಲರಿಗೂ ಹೊಂದುವುದಿಲ್ಲ.

ಈ ಹೋಲಿಕೆಯನ್ನು ಮಾಡಿರುವುದು ಪ್ರೌಢಶಾಲೆಯ ಸಮಾಜ ವಿಜ್ಞಾನ ಶಿಕ್ಷಕರನ್ನೂ ಪಿಯು ಕಾಲೇಜಿನ ಇತಿಹಾಸ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರದ ಉಪನ್ಯಾಸಕರನ್ನೂ ಮನಸ್ಸಿನಲ್ಲಿಟ್ಟುಕೊಂಡು. ಅವರ ಬಳಿ ಇರುವುದು ಭಾನುವಾರದ ಒಂದೆರಡು ಗಂಟೆ, ಒಂದು ಮೊಬೈಲ್, ಮತ್ತು ಜನಗಣತಿಯೋ ಚುನಾವಣೆಯೋ ಬಂದು ಎರಗದಿದ್ದರೆ ಬೇಸಿಗೆ ರಜೆ.

ನನ್ನ ಪಕ್ಷಪಾತಗಳನ್ನು ಮೊದಲೇ ಹೇಳಿಬಿಡುತ್ತೇನೆ. ಚೀನಾವನ್ನು ಬುಡದಿಂದ ತುದಿಯವರೆಗೆ ಕಲಿಯುತ್ತೇನೆಂದು ಹೊರಟವರು ಸಾಮಾನ್ಯವಾಗಿ ಎರಡು ಸಾವಿರ ವರ್ಷ ಹಿಂದಿನ ಹಾನ್ ವಂಶದ ಆಸುಪಾಸಿನಲ್ಲೇ ಕೈಚೆಲ್ಲುತ್ತಾರೆ. ಈ ವರ್ಷ ಮಾಡಲೇಬೇಕಾದ ಒಂದು ಪಾಠವನ್ನು ಹಿಡಿದು, ಅದಕ್ಕೆ ಬೇಕಾದಷ್ಟು ಚೀನಾವನ್ನು ಸರಿಯಾಗಿ ತಿಳಿದುಕೊಳ್ಳುವುದು ಲೇಸು. ಪಾಠ ಬದಲಾದರೆ ದಾರಿಯೂ ಬದಲಾಗುತ್ತದೆ. ಎರಡನೆಯದು, ಯಾವ ದಾರಿ ಹಿಡಿದರೂ ಅಲ್ಲಿನವರೇ ಬರೆದ ಅಥವಾ ಆಡಿದ ಮಾತು ಒಂದಾದರೂ ತರಗತಿಗೆ ಬರಬೇಕು. ಪಾಶ್ಚಾತ್ಯರು ಚೀನಾ ಬಗ್ಗೆ ಹೇಳಿದ್ದನ್ನು ನಾವು ಮಕ್ಕಳಿಗೆ ದಾಟಿಸುವುದು ಕಲಿಸುವಿಕೆಯ ಅತಿ ಬಡ ರೂಪ.

ಪುರುಸೊತ್ತಿಲ್ಲದವರಿಗೆ ಚುಟುಕಾಗಿ ಹೇಳುವುದಾದರೆ, ಪಾಠ ವಿದೇಶಾಂಗ ನೀತಿಯದ್ದಾದರೆ ದೆಹಲಿ ಮತ್ತು ಬೆಂಗಳೂರಿನ ಅಧ್ಯಯನ ಸಂಸ್ಥೆಗಳನ್ನು ನೋಡಿ. ಇತಿಹಾಸದ್ದಾದರೆ ಅಮೆರಿಕದ ಶಿಕ್ಷಕರಿಗೆಂದು ಸಿದ್ಧಪಡಿಸಿದ ಮೂಲ ದಾಖಲೆಗಳನ್ನು ನೋಡಿ. ಸಮಾಜದ ಬಗ್ಗೆಯಾದರೆ ಶಾಂಘೈನ ಒಂದು ಸುದ್ದಿತಾಣ ಮತ್ತು ನಿಮ್ಮ ತಾಲ್ಲೂಕಿನಲ್ಲೇ ಇರಬಹುದಾದ ಒಬ್ಬ ವೈದ್ಯರು ಸಾಕು. ಭಾಷೆ ಮತ್ತು ಪ್ರವಾಸವನ್ನು ಕೊನೆಗೆ ಇಟ್ಟುಕೊಳ್ಳಿ.

ವಿಶ್ವವಿದ್ಯಾಲಯಗಳ ಉಚಿತ ಕೋರ್ಸ್‌ಗಳು

ಎಲ್ಲರೂ ಮೊದಲು ಹೋಗುವುದು ಇಲ್ಲಿಗೇ. ಹಾರ್ವರ್ಡ್ ವಿಶ್ವವಿದ್ಯಾಲಯ 2013ರಲ್ಲಿ ಎಡ್‌ಎಕ್ಸ್ ವೇದಿಕೆಯಲ್ಲಿ ಆರಂಭಿಸಿದ ಚೈನಾಎಕ್ಸ್ ಈ ಬಗೆಯಲ್ಲಿ ಹೆಸರಾದದ್ದು. ಕನ್‌ಫ್ಯೂಷಿಯಸ್‌ಗಿಂತ ಹಿಂದಿನ ಕಾಲದಿಂದ ಇಂದಿನವರೆಗೆ, ಹತ್ತು ಭಾಗಗಳಲ್ಲಿ. ಪೀಟರ್ ಬೋಲ್ ಮತ್ತು ವಿಲಿಯಂ ಕರ್ಬಿ ಅವರ ಪಾಠಗಳು ತಿಳಿಯಾಗಿವೆ, ಚಿತ್ರಗಳು, ನಕ್ಷೆಗಳು ಚೆನ್ನಾಗಿವೆ. ಬರಿದೇ ಕೇಳಿಸಿಕೊಳ್ಳಲು ಹಣ ಬೇಡ. ಪ್ರಮಾಣಪತ್ರ ಬೇಕಾದರೆ ಮಾತ್ರ ಶುಲ್ಕ. ಯಾವ ಭಾಗ ಯಾವಾಗ ತೆರೆದಿರುತ್ತದೆ ಎಂಬುದು ಬದಲಾಗುತ್ತಿರುತ್ತದೆ, ಹಾಗಾಗಿ ಮೊದಲು ನೋಡಿಕೊಂಡು ರಜೆಯ ಲೆಕ್ಕ ಹಾಕಿ.

ಇದರ ತೊಡಕು ಅದರ ಉದ್ದ. ಹತ್ತೂ ಭಾಗ ಮುಗಿಸುವ ಶಿಕ್ಷಕರು ಅಪರೂಪ, ಮತ್ತು ಮುಗಿಸಿದವರಿಗೆ ಸಿಗುವುದು ತಮ್ಮ ಸ್ವಂತ ತಿಳಿವಳಿಕೆಯೇ ಹೊರತು ನಾಳೆ ಬೆಳಿಗ್ಗೆಯ ಮೂರನೆಯ ಪೀರಿಯಡ್‌ಗೆ ಬೇಕಾದ ಪಾಠವಲ್ಲ. ಇಂಗ್ಲಿಷ್ ಉಪನ್ಯಾಸ ಕೇಳಿ ಅಭ್ಯಾಸವಿಲ್ಲದವರಿಗೆ ಇನ್ನಷ್ಟು ನಿಧಾನ. ನಿಮಗೆ ಬೇಕಾದ ಒಂದೇ ಭಾಗವನ್ನು, ಉದಾಹರಣೆಗೆ ಚಿಂಗ್ ಸಾಮ್ರಾಜ್ಯದ ಕೊನೆಯ ದಿನಗಳನ್ನು, ಆರಿಸಿಕೊಂಡು ಉಳಿದದ್ದನ್ನು ಬಿಟ್ಟುಬಿಡುವ ಧೈರ್ಯ ಇದ್ದರೆ ಈ ದಾರಿ ಒಳ್ಳೆಯದು.

ಅಮೆರಿಕದ ಶಿಕ್ಷಕರಿಗೆಂದು ಮಾಡಿದ ಸಾಮಗ್ರಿ

ಈ ಪಟ್ಟಿಯಲ್ಲಿ ನನಗೆ ಅತ್ಯಂತ ಪ್ರಯೋಜನಕಾರಿ ಎನಿಸಿದ್ದು ಇದು. ಅಮೆರಿಕದಲ್ಲಿ ಶಾಲಾ ಶಿಕ್ಷಕರಿಗೆ ಪೂರ್ವ ಏಷ್ಯಾವನ್ನು ಪರಿಚಯಿಸುವ ಕೆಲಸ ದಶಕಗಳಿಂದ ಶಿಸ್ತಾಗಿ ನಡೆದಿದೆ. ಸ್ಟ್ಯಾನ್‌ಫರ್ಡ್‌ನಲ್ಲಿ 1976ರಿಂದ ಸ್ಪೈಸ್ ಎಂಬ ಕಾರ್ಯಕ್ರಮವಿದೆ. 1998ರಲ್ಲಿ ಹಲವು ವಿಶ್ವವಿದ್ಯಾಲಯಗಳು ಸೇರಿ ಎನ್‌ಸಿಟಿಎ ಎಂಬ ಒಕ್ಕೂಟ ಕಟ್ಟಿ, ಫ್ರೀಮನ್ ಪ್ರತಿಷ್ಠಾನದ ನೆರವಿನಿಂದ ಶಿಕ್ಷಕರಿಗೆ ಸುದೀರ್ಘ ಕಮ್ಮಟಗಳನ್ನು ನಡೆಸುತ್ತ ಬಂದಿವೆ. ಈ ಕಮ್ಮಟಗಳು ಅಲ್ಲಿನ ಶಿಕ್ಷಕರಿಗಾಗಿಯೇ ಇರುವುದರಿಂದ ಧಾರವಾಡದಲ್ಲಿ ಕುಳಿತವರಿಗೆ ಎಟುಕುವುದಿಲ್ಲ. ನ್ಯೂಜೆರ್ಸಿಯಲ್ಲೋ ಟೆಕ್ಸಸ್‌ನಲ್ಲೋ ಶಾಲೆಯಲ್ಲಿ ಕಲಿಸುತ್ತಿರುವ ಕನ್ನಡಿಗರು ಮಾತ್ರ ಇದನ್ನು ಬಿಡಬಾರದು. ಅವರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇರೆ ಇಲ್ಲ.

ನಮಗೆ ಎಟುಕುವುದು ಅವರು ಅಂತರ್ಜಾಲದಲ್ಲಿ ಬಿಚ್ಚಿಟ್ಟಿರುವ ಭಂಡಾರ. ಕೊಲಂಬಿಯಾ ವಿಶ್ವವಿದ್ಯಾಲಯದ ಏಷ್ಯಾ ಫಾರ್ ಎಜುಕೇಟರ್ಸ್ ತಾಣದಲ್ಲಿ ಮೂಲ ದಾಖಲೆಗಳ ಆಯ್ದ ಭಾಗಗಳೂ ಅವುಗಳ ಕೆಳಗೆ ತರಗತಿಯಲ್ಲಿ ಕೇಳಬಹುದಾದ ಪ್ರಶ್ನೆಗಳೂ ಇವೆ. ಎಜುಕೇಶನ್ ಅಬೌಟ್ ಏಷ್ಯಾ ಎಂಬ ಪತ್ರಿಕೆಯ ಹಳೆಯ ಸಂಚಿಕೆಗಳೂ ಉಚಿತ. ಅಲ್ಲಿನ ಲೇಖನಗಳು ಚಿಕ್ಕವು, ಶಿಕ್ಷಕರು ಓದುತ್ತಾರೆಂದು ತಿಳಿದೇ ಬರೆದವು.

ಒಂದು ದಾಖಲೆಯನ್ನು ಹತ್ತಿರದಿಂದ ನೋಡೋಣ. 1793ರಲ್ಲಿ ಬ್ರಿಟನ್ನಿನ ರಾಯಭಾರಿ ಮೆಕಾರ್ಟ್ನಿ ವ್ಯಾಪಾರದ ರಿಯಾಯಿತಿ ಕೇಳಿಕೊಂಡು ಚೀನಾಕ್ಕೆ ಹೋದ. ಚಿಯೆನ್‌ಲೂಂಗ್ ಚಕ್ರವರ್ತಿ ಮೂರನೆಯ ಜಾರ್ಜ್ ದೊರೆಗೆ ಬರೆದ ಉತ್ತರ ಈ ತಾಣದಲ್ಲಿದೆ. ನಿಮ್ಮ ರಾಯಭಾರಿ ಪೀಕಿಂಗ್‌ನಲ್ಲಿ ಖಾಯಂ ಆಗಿ ಇರಲು ಸಾಧ್ಯವಿಲ್ಲ, ನಿಮ್ಮ ದೇಶದ ತಯಾರಿಕೆಗಳ ಅಗತ್ಯವೂ ನಮಗಿಲ್ಲ ಎಂಬುದು ಅದರ ತಿರುಳು. ಒಂಬತ್ತನೆಯ ತರಗತಿಯ ಮಕ್ಕಳಿಗೆ ಇದರ ಹತ್ತು ಸಾಲನ್ನು ಕನ್ನಡದಲ್ಲಿ ಓದಿ ಹೇಳಿ, ಇದನ್ನು ಬರೆದವನು ಸೊಕ್ಕಿನವನೋ ಜಾಣನೋ ಎಂದು ಕೇಳಿ. ಗಲಾಟೆ ಏಳುತ್ತದೆ, ಏಳಬೇಕು. ಆಮೇಲೆ, ಬ್ರಿಟಿಷರಿಗೆ ಚೀನಾದ ಚಹಾ ಬೇಕಿತ್ತು, ಚೀನಾಕ್ಕೆ ಬ್ರಿಟನ್ನಿನ ಸರಕು ಬೇಕಿರಲಿಲ್ಲ, ಹಾಗಿದ್ದರೆ ಚಹಾದ ಬೆಲೆಯನ್ನು ಬ್ರಿಟಿಷರು ಏನು ಕೊಟ್ಟು ತೀರಿಸಿದರು ಎಂದು ಕೇಳಿ.

ಉತ್ತರ ಅಫೀಮು. ಅಮೆರಿಕದ ಸಾಮಗ್ರಿಯ ಮಿತಿ ಕಾಣಿಸುವುದೂ ಇಲ್ಲೇ. ಅಲ್ಲಿನ ತರಗತಿಗೆಂದು ಬರೆದ ಪಾಠದಲ್ಲಿ ಕಥೆ ಲಂಡನ್ ಮತ್ತು ಕ್ಯಾಂಟನ್ ನಡುವೆ ಓಡಾಡುತ್ತದೆ. ನಮ್ಮ ತರಗತಿಯಲ್ಲಿ ಅದು ಪಟ್ನಾ ಮತ್ತು ಘಾಜಿಪುರದ ಅಫೀಮು ಕಾರ್ಖಾನೆಗಳಿಂದ ಶುರುವಾಗಬೇಕು. ಕಂಪನಿಯ ಮುಂಗಡ ತೆಗೆದುಕೊಂಡು ಗಸಗಸೆ ಬೆಳೆಯಲೇಬೇಕಾದ ಬಿಹಾರದ ರೈತ, ಮಾಳವದ ಅಫೀಮನ್ನು ಮುಂಬಯಿಯಿಂದ ಹಡಗಿಗೇರಿಸಿದ ವ್ಯಾಪಾರಿಗಳು, 1839ರಿಂದ 1842ರವರೆಗಿನ ಯುದ್ಧದಲ್ಲಿ ಬ್ರಿಟಿಷರ ಪರವಾಗಿ ಹೋರಾಡಿದ ಭಾರತೀಯ ಸಿಪಾಯಿಗಳು, ಇವರೆಲ್ಲ ಈ ಕಥೆಯೊಳಗಿದ್ದಾರೆ. ಅಫೀಮು ಯುದ್ಧವನ್ನು ಚೀನಾದ ಶಾಲೆಗಳಲ್ಲಿ ಆಧುನಿಕ ಇತಿಹಾಸದ ಬಾಗಿಲು ಎಂಬಂತೆ ಕಲಿಸುತ್ತಾರೆ. ಅಲ್ಲಿಂದ ಮುಂದೆ ವಿದೇಶಿಯರ ಎದುರು ಸೋಲುತ್ತ ಹೋದ ಕಾಲವನ್ನು ಅವರು ‘ಅವಮಾನದ ಶತಮಾನ’ ಎನ್ನುತ್ತಾರೆ. ಅದರ ನೆನಪು ಇವತ್ತಿನ ಅವರ ವಿದೇಶಾಂಗ ಮಾತುಗಳಲ್ಲೂ ಇಣುಕುತ್ತದೆ. ಆ ಅವಮಾನದ ಸರಕು ನಮ್ಮ ನೆಲದಲ್ಲಿ ಬೆಳೆದದ್ದು ಎಂಬ ಸಂಗತಿಯನ್ನು ಸೇರಿಸಬೇಕಾದವರು ನೀವು. ಆದ್ದರಿಂದ ಈ ಸಾಮಗ್ರಿಯಿಂದ ದಾಖಲೆಯನ್ನು ತೆಗೆದುಕೊಳ್ಳಿ, ಪಾಠಯೋಜನೆಯನ್ನು ಬಿಡಿ.

ಹುಡುಕುವಾಗ ಒಂದು ಸಣ್ಣ ತೊಂದರೆ ಬರುತ್ತದೆ. ನಮ್ಮ ಪುಸ್ತಕಗಳಲ್ಲಿರುವುದು ಹಳೆಯ ಕಾಗುಣಿತ, ಅಂತರ್ಜಾಲದಲ್ಲಿರುವುದು ಚೀನಾ 1958ರಲ್ಲಿ ಜಾರಿಗೆ ತಂದ ಪಿನ್‌ಯಿನ್ ಎಂಬ ರೋಮನ್ ಅಕ್ಷರದ ಕಾಗುಣಿತ. ನಮ್ಮ ಹ್ಯೂಯೆನ್‌ತ್ಸಾಂಗ್ ಅಲ್ಲಿ ಇಂಗ್ಲಿಷಿನ ಎಕ್ಸ್ ಅಕ್ಷರದಿಂದ ಶುರುವಾಗುವ ಶ್ವೆನ್‌ಜಾಂಗ್. ಎಕ್ಸ್, ಕ್ಯೂ, ಝಡ್‌ಎಚ್ ಈ ಮೂರರ ಉಚ್ಚಾರ ಒಂದು ಸಂಜೆ ಕಲಿತುಬಿಟ್ಟರೆ ಮುಂದಿನ ಹುಡುಕಾಟವೆಲ್ಲ ಸರಾಗ.

ನಮ್ಮ ದೇಶದ ಸಂಸ್ಥೆಗಳು

ಪಂಚಶೀಲ, ಗಡಿ, ಟಿಬೆಟ್, ವ್ಯಾಪಾರದ ಕೊರತೆ ಎಂದ ಕೂಡಲೇ ಅಮೆರಿಕದ ಸಾಮಗ್ರಿ ಕೈಕೊಡುತ್ತದೆ, ನಮ್ಮವರೇ ಬೇಕಾಗುತ್ತದೆ. ದೆಹಲಿಯ ಇನ್‌ಸ್ಟಿಟ್ಯೂಟ್ ಆಫ್ ಚೈನೀಸ್ ಸ್ಟಡೀಸ್ ಇವುಗಳಲ್ಲಿ ಹಿರಿಯ. 1964ರಲ್ಲಿ ಆರಂಭವಾದ ಚೈನಾ ರಿಪೋರ್ಟ್ ಪತ್ರಿಕೆ ಇದರದ್ದೇ. ಇವರ ಬುಧವಾರದ ಉಪನ್ಯಾಸಗಳು ಯೂಟ್ಯೂಬಿನಲ್ಲಿ ಸಿಗುತ್ತವೆ. ಮಾತನಾಡುವವರಲ್ಲಿ ಮಾಜಿ ರಾಯಭಾರಿಗಳೂ ಇದ್ದಾರೆ, ಚೀನೀ ಭಾಷೆ ಬಲ್ಲ ಸಂಶೋಧಕರೂ ಇದ್ದಾರೆ. ಚೆನ್ನೈಯಲ್ಲಿ ಚೀನಾ ಅಧ್ಯಯನಕ್ಕೆಂದೇ ಒಂದು ಕೇಂದ್ರವಿದೆ. ಬೆಂಗಳೂರಿನ ತಕ್ಷಶಿಲಾ ಸಂಸ್ಥೆಯ ಚೀನಾ ತಂಡ ಅಲ್ಲಿನ ಪಕ್ಷದ ಮುಖವಾಣಿ ಪೀಪಲ್ಸ್ ಡೈಲಿಯನ್ನು ಓದಿ ಅದರ ಸಾರವನ್ನು ಇಂಗ್ಲಿಷಿನಲ್ಲಿ ಕೊಡುವ ಕೆಲಸ ಮಾಡಿದೆ. ಒಣ ಓದು, ನಿಜ. ಆದರೂ ಯಾವ ಮಾತನ್ನು ಪಕ್ಷ ಪದೇ ಪದೇ ಹೇಳುತ್ತದೆ, ಯಾವುದನ್ನು ಹೇಳದೆ ಬಿಡುತ್ತದೆ ಎಂದು ಕೆಲವು ವಾರ ಗಮನಿಸಿದರೆ ರಾಜ್ಯಶಾಸ್ತ್ರದ ಉಪನ್ಯಾಸಕರಿಗೆ ಬೇರೆಲ್ಲೂ ಸಿಗದ ಪಾಠ ಸಿಗುತ್ತದೆ.

ಕೊರತೆ ಇದೆ. ನಮ್ಮ ಸಂಸ್ಥೆಗಳ ಕಣ್ಣು ಬಹುಪಾಲು ಗಡಿ, ಸೇನೆ, ಆರ್ಥಿಕತೆಗಳ ಮೇಲೆ ನೆಟ್ಟಿದೆ. ಚೆಂಗ್ಡುವಿನ ಒಂದು ಮನೆಯಲ್ಲಿ ಅಜ್ಜಿ ಮೊಮ್ಮಗನನ್ನು ಹೇಗೆ ಬೆಳೆಸುತ್ತಾಳೆ ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ವಿರಳ. ಉಪನ್ಯಾಸಗಳನ್ನು ಶಾಲಾ ಶಿಕ್ಷಕರಿಗೆಂದು ಹದಗೊಳಿಸಿರುವುದಿಲ್ಲ. ಮೊದಲ ಹತ್ತು ನಿಮಿಷದಲ್ಲೇ ಮೂರು ಒಪ್ಪಂದಗಳ ಹೆಸರು ಬಂದುಹೋಗುತ್ತದೆ. 1993ರ ಮತ್ತು 1996ರ ಗಡಿ ಒಪ್ಪಂದಗಳು ಏನು ಹೇಳುತ್ತವೆ ಎಂದು ಮೊದಲೇ ಓದಿಕೊಂಡು ಕುಳಿತರೆ ಎಳೆ ಸಿಗುತ್ತದೆ. ಎರಡೂ ದಾಖಲೆಗಳು ಚಿಕ್ಕವು, ಅಂತರ್ಜಾಲದಲ್ಲಿವೆ.

ಅಲ್ಲಿನ ದಿನನಿತ್ಯ ತಿಳಿಯಬೇಕಾದರೆ

ಕನ್ನಡದಲ್ಲಿ ಪುರಾತನ ತತ್ತ್ವಜ್ಞಾನಿ ಲಾವೋತ್ಸೆ ಸಿಗುತ್ತಾನೆ, ಇವತ್ತಿನ ಚೀನಾ ಸಿಗುವುದಿಲ್ಲ. ಇಂಗ್ಲಿಷಿನಲ್ಲಿ ಶಾಂಘೈನಿಂದ 2016ರಿಂದ ಬರುತ್ತಿರುವ ಸಿಕ್ಸ್ತ್ ಟೋನ್ ತಾಣ ಈ ಕೊರತೆಯನ್ನು ಸಾಕಷ್ಟು ತುಂಬುತ್ತದೆ. ಡೆಲಿವರಿ ಹುಡುಗರು, ಮದುವೆಯ ಖರ್ಚು, ಹಳ್ಳಿಯಲ್ಲಿ ಉಳಿದ ವೃದ್ಧರು, ನೌಕರಿ ಸಿಗದ ಪದವೀಧರರು, ಇಂಥವೇ ಅದರ ವಿಷಯ. ಮಾಲೀಕತ್ವ ಸರ್ಕಾರಿ ಮಾಧ್ಯಮ ಸಮೂಹದ್ದು ಎಂಬುದನ್ನು ಮರೆಯದೆ ಓದಬೇಕು. ಅದರ ಜೊತೆಗೆ, ಚೀನಾದ ಅಂತರ್ಜಾಲದಲ್ಲಿ ಅಳಿಸಿಹಾಕಿದ ಬರಹಗಳನ್ನು ಸಂಗ್ರಹಿಸಿ ಅನುವಾದಿಸುವ, ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಚೈನಾ ಡಿಜಿಟಲ್ ಟೈಮ್ಸ್ ಅನ್ನೂ ನೋಡಿ. ಒಂದೇ ಸುದ್ದಿಯನ್ನು ಎರಡೂ ಕಡೆ ಓದಿದಾಗ ಒಂದು ಹೇಳದೆ ಬಿಟ್ಟದ್ದು ಇನ್ನೊಂದರಲ್ಲಿ ಗೊತ್ತಾಗುತ್ತದೆ. 2023ರಲ್ಲಿ ಭಾರತ ಮತ್ತು ಚೀನಾ ಪರಸ್ಪರರ ಪತ್ರಕರ್ತರ ವೀಸಾಗಳನ್ನು ತಡೆಹಿಡಿದ ಮೇಲೆ ಬೀಜಿಂಗ್‌ನಿಂದ ನೇರವಾಗಿ ಬರೆಯುವ ಭಾರತೀಯ ವರದಿಗಾರರು ತೀರ ವಿರಳವಾದರು. ಆದ್ದರಿಂದ ಈ ಜೋಡಿ ಓದು ಈಗ ಇನ್ನಷ್ಟು ಬೇಕು.

ಶಿಕ್ಷಕರು ಈ ದಾರಿಯಲ್ಲಿ ಮೊದಲು ಓದಬೇಕಾದ್ದು ತಮ್ಮ ಸರೀಕರ ಬದುಕನ್ನು ಎಂದು ನನಗನ್ನಿಸುತ್ತದೆ. ಗಾವ್‌ಕಾವ್ ಎಂಬ ಅಲ್ಲಿನ ಕಾಲೇಜು ಪ್ರವೇಶ ಪರೀಕ್ಷೆ ಪ್ರತಿ ವರ್ಷ ಜೂನ್ 7ಕ್ಕೆ ಶುರುವಾಗುತ್ತದೆ. 2024ರಲ್ಲಿ ಅದಕ್ಕೆ ನೋಂದಾಯಿಸಿದವರು 1 ಕೋಟಿ 34 ಲಕ್ಷ. ಹೆಚ್ಚಿನ ಪ್ರಾಂತ್ಯಗಳಲ್ಲಿ ಒಟ್ಟು ಅಂಕ 750. ಚೀನೀ ಭಾಷೆ, ಗಣಿತ, ವಿದೇಶಿ ಭಾಷೆ ಇವಕ್ಕೆ ತಲಾ 150. ಸಾಂಸ್ಕೃತಿಕ ಕ್ರಾಂತಿಯ ಹತ್ತು ವರ್ಷ ನಿಂತೇ ಹೋಗಿದ್ದ ಈ ಪರೀಕ್ಷೆ ಮತ್ತೆ ನಡೆದದ್ದು 1977ರಲ್ಲಿ. ಹೊಲದಲ್ಲಿ, ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಲಕ್ಷಾಂತರ ಯುವಕರು ಆ ಚಳಿಗಾಲದಲ್ಲಿ ಬಂದು ಬರೆದರು. ಇನ್ನೊಂದು ತಿರುವು ಇದೆ. ಪರೀಕ್ಷೆಯನ್ನು ಸಾಮಾನ್ಯವಾಗಿ ನಿಮ್ಮ ಮನೆತನದ ಹುಕೌ, ಅಂದರೆ 1958ರಲ್ಲಿ ಬಂದ ನಿವಾಸ ನೋಂದಣಿ, ಇರುವ ಪ್ರಾಂತ್ಯದಲ್ಲೇ ಬರೆಯಬೇಕು. ಅಪ್ಪ ಅಮ್ಮ ಶೆನ್‌ಜೆನ್‌ನ ಕಾರ್ಖಾನೆಯಲ್ಲಿದ್ದರೂ ಮಗಳು ಊರಿನಲ್ಲಿ ಅಜ್ಜಿಯ ಜೊತೆ ಉಳಿಯಲು ಇದೂ ಒಂದು ಕಾರಣ. ರಾಯಚೂರು, ಕಲಬುರಗಿ ಕಡೆಯ ಶಿಕ್ಷಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಂಗಳೂರಿಗೆ ಗುಳೆ ಹೋದವರ ಮಕ್ಕಳು ಅವರ ತರಗತಿಯಲ್ಲೇ ಕುಳಿತಿರುತ್ತಾರೆ.

2021ರ ಜುಲೈನಲ್ಲಿ ಚೀನಾ ಸರ್ಕಾರ ಒಂದು ಆದೇಶ ಹೊರಡಿಸಿತು. ಒಂದರಿಂದ ಒಂಬತ್ತನೆಯ ತರಗತಿಯವರೆಗೆ ಮುಖ್ಯ ವಿಷಯಗಳ ಟ್ಯೂಷನ್ನನ್ನು ಲಾಭಕ್ಕಾಗಿ ನಡೆಸುವಂತಿಲ್ಲ. ಒಂದು, ಎರಡನೆಯ ತರಗತಿಗೆ ಬರೆಯುವ ಮನೆಪಾಠವೇ ಇಲ್ಲ. ಮೂರರಿಂದ ಆರಕ್ಕೆ ದಿನಕ್ಕೆ ಒಂದು ಗಂಟೆ, ಏಳರಿಂದ ಒಂಬತ್ತಕ್ಕೆ ಒಂದೂವರೆ ಗಂಟೆ ಮೀರಬಾರದು. ದೊಡ್ಡ ದೊಡ್ಡ ಟ್ಯೂಷನ್ ಕಂಪನಿಗಳು ಕೆಲವೇ ವಾರಗಳಲ್ಲಿ ಮಗುಚಿಕೊಂಡವು. ಟ್ಯೂಷನ್ ಮಾತ್ರ ಸಾಯಲಿಲ್ಲ, ಮನೆಯೊಳಗೆ ಸರಿಯಿತು, ದುಬಾರಿಯಾಯಿತು. ಇದನ್ನು ಶಿಕ್ಷಕರ ಕೊಠಡಿಯಲ್ಲಿ ಒಮ್ಮೆ ಚರ್ಚೆಗಿಡಿ. ಬಲಿಷ್ಠ ಸರ್ಕಾರ ಏನು ಮಾಡಬಲ್ಲದು, ಏನು ಮಾಡಲಾರದು ಎಂಬ ಬಗ್ಗೆ ಯಾವ ರಾಜ್ಯಶಾಸ್ತ್ರದ ಪುಸ್ತಕಕ್ಕಿಂತ ಚೆನ್ನಾಗಿ ಮಾತು ಹೊರಡುತ್ತದೆ.

ಇಂಗ್ಲಿಷ್ ಓದು ತೊಡಕು ಎನ್ನುವವರಿಗೂ ಪ್ರಾಥಮಿಕ ಶಾಲೆಯವರಿಗೂ ಗ್ಯಾಪ್‌ಮೈಂಡರ್ ಸಂಸ್ಥೆಯ ಡಾಲರ್ ಸ್ಟ್ರೀಟ್ ತಾಣ ಸಾಕು. ಆದಾಯಕ್ಕೆ ತಕ್ಕಂತೆ ಜೋಡಿಸಿದ ಮನೆಗಳ ಫೋಟೊಗಳು ಅಲ್ಲಿವೆ: ಒಲೆ, ಹಾಸಿಗೆ, ಹಲ್ಲುಜ್ಜುವ ಬ್ರಷ್. ಚೀನಾದ ಬಡವನ ಅಡುಗೆಮನೆ ಚೀನಾದ ಶ್ರೀಮಂತನ ಅಡುಗೆಮನೆಗಿಂತ ಭಾರತದ ಬಡವನ ಅಡುಗೆಮನೆಗೆ ಹತ್ತಿರವಾಗಿರುವುದನ್ನು ಮಕ್ಕಳು ತಾವೇ ಕಂಡುಹಿಡಿಯುತ್ತಾರೆ.

ಭಾಷೆ ಕಲಿಯಬೇಕೇ?

ಆಸೆಯಿದ್ದರೆ ಕಲಿಯಿರಿ. ಪಾಠಕ್ಕಾಗಿ ಎಂದಾದರೆ ಬೇಡ ಎನ್ನುತ್ತೇನೆ. ಇಂಗ್ಲಿಷ್ ಮಾತೃಭಾಷೆಯವರು ಮ್ಯಾಂಡರಿನ್‌ನಲ್ಲಿ ಕೆಲಸಕ್ಕೆ ಬರುವಷ್ಟು ಪಳಗಲು 2200 ಗಂಟೆಗಳ ತರಗತಿ ಬೇಕೆಂದು ಅಮೆರಿಕದ ವಿದೇಶಾಂಗ ಇಲಾಖೆಯ ಶಾಲೆ ಲೆಕ್ಕ ಹಾಕಿದೆ. ಚೀನೀ ಭಾಷಾ ಸಾಮರ್ಥ್ಯ ಅಳೆಯುವ ಎಚ್‌ಎಸ್‌ಕೆ ಪರೀಕ್ಷೆಯ ಆರು ಹಂತಗಳ ಹಳೆಯ ಕ್ರಮದಲ್ಲಿ ಮೊದಲ ಹಂತಕ್ಕೆ 150 ಪದ, ಆರನೆಯದಕ್ಕೆ 5000. ಮೊದಲ ಹಂತ ಒಂದು ಬೇಸಿಗೆಯ ಮಾತು. ಪೀಕಿಂಗ್ ವಿಶ್ವವಿದ್ಯಾಲಯ ಕೋರ್ಸೆರಾದಲ್ಲಿ ನಡೆಸುವ ಆರಂಭಿಕ ಕೋರ್ಸ್ ಅದಕ್ಕೆ ಸಾಕು. ಹೆಸರುಗಳನ್ನು ಸರಿಯಾಗಿ ಉಚ್ಚರಿಸಲು, ಮಕ್ಕಳ ಮುಂದೆ ಹಲಗೆಯ ಮೇಲೆ ನಾಲ್ಕು ಅಕ್ಷರ ಬರೆದು ತೋರಿಸಲು ಅಷ್ಟು ನೆರವಾಗುತ್ತದೆ. ಪತ್ರಿಕೆ ಓದುವ ಮಟ್ಟ ಬಹಳ ದೂರ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರೌಢಶಾಲೆಗೆ ಸೂಚಿಸಿದ ವಿದೇಶಿ ಭಾಷೆಗಳ ಸಾಲಿನಲ್ಲಿ ಕೊರಿಯನ್, ಜಪಾನಿ, ಥಾಯ್ ಇವೆ, ಚೀನೀ ಇಲ್ಲ. ಹಾಗಾಗಿ ಅದನ್ನು ಶಾಲೆಯಲ್ಲೇ ಕಲಿಸುವ ಅವಕಾಶವೂ ಸದ್ಯಕ್ಕೆ ಕಡಿಮೆ.

ನಿಜಕ್ಕೂ ಪಟ್ಟು ಹಿಡಿದವರಿಗೆ ತೈವಾನ್ ಸರ್ಕಾರದ ಹ್ವಾಯೂ ವಿದ್ಯಾರ್ಥಿವೇತನವಿದೆ. ಅಲ್ಲಿಗೇ ಹೋಗಿ ಕಲಿಯಬೇಕು. ಅಲ್ಲಿ ಕಲಿಸುವುದು ಹಳೆಯ ಪೂರ್ಣಾಕ್ಷರ, ಬೀಜಿಂಗ್‌ನಲ್ಲಿ ಬಳಸುವುದು ಸರಳಗೊಳಿಸಿದ ಅಕ್ಷರ. ಪುರಾತನ ಶಾಸನ, ಚಿತ್ರಗಳಲ್ಲಿ ಆಸಕ್ತಿಯಿದ್ದವರಿಗೆ ಮೊದಲನೆಯದು, ಇವತ್ತಿನ ಸುದ್ದಿ ಬೇಕಾದವರಿಗೆ ಎರಡನೆಯದು.

ಹೋಗಿ ನೋಡುವುದು

2020ರಿಂದ ನಿಂತಿದ್ದ ನೇರ ವಿಮಾನಗಳು 2025ರ ಅಕ್ಟೋಬರ್ ಕೊನೆಯಲ್ಲಿ ಕೋಲ್ಕತ್ತ–ಗ್ವಾಂಗ್‌ಜೌ ಮಾರ್ಗದಿಂದ ಮತ್ತೆ ಶುರುವಾಗಿವೆ. ಹೋಗುವ ಶಕ್ತಿಯಿದ್ದರೆ ಬೀಜಿಂಗ್, ಶಾಂಘೈಗಳ ಪ್ಯಾಕೇಜನ್ನು ಬಿಟ್ಟು ಚ್ವೆನ್‌ಜೌ ಮತ್ತು ಶಿಯಾನ್ ಆರಿಸಿಕೊಳ್ಳಿ. ಶಿಯಾನ್‌ನ ದೊಡ್ಡ ಕಾಡು ಹೆಬ್ಬಾತು ಪಗೋಡ ಕಟ್ಟಿದ್ದು 652ರಲ್ಲಿ, ಹ್ಯೂಯೆನ್‌ತ್ಸಾಂಗ್ ಭಾರತದಿಂದ ಹೊತ್ತೊಯ್ದ ಗ್ರಂಥಗಳಿಗಾಗಿ. ಚ್ವೆನ್‌ಜೌ ಬಂದರಿನಲ್ಲಿ ದಕ್ಷಿಣ ಭಾರತದ ವರ್ತಕರು ಕಟ್ಟಿಸಿದ ಶಿವಾಲಯದ ಅವಶೇಷಗಳಿವೆ. 1281ರ ತಮಿಳು–ಚೀನೀ ಶಾಸನವೂ ಅಲ್ಲಿಯದೇ.

ಕೈಲಾಸ ಮಾನಸ ಸರೋವರ ಯಾತ್ರೆಯೂ 2025ರ ಬೇಸಿಗೆಯಲ್ಲಿ ಮತ್ತೆ ತೆರೆದುಕೊಂಡಿದೆ, ನಮ್ಮ ಮುಜರಾಯಿ ಇಲಾಖೆ ಯಾತ್ರಿಕರಿಗೆ ಸಹಾಯಧನವನ್ನೂ ಕೊಡುತ್ತದೆ. ಪುಣ್ಯಕ್ಕೆ ಹೋಗಿ, ಚೆನ್ನಾಗಿದೆ. ಚೀನೀ ಸಮಾಜವನ್ನು ತಿಳಿಯುವ ಲೆಕ್ಕದಲ್ಲಿ ಅದನ್ನು ಹಿಡಿಯಬೇಡಿ. ತಂಡ, ದಾರಿ, ತಂಗುದಾಣ ಎಲ್ಲವೂ ಮೊದಲೇ ನಿಗದಿಯಾಗಿರುವ ಕಡೆ ಊರವರೊಂದಿಗೆ ಬೆರೆಯುವುದು ಕಷ್ಟ.

ಮನೆಯ ಹತ್ತಿರದ ಚೀನಾ

ಖರ್ಚಿಲ್ಲದ, ಇಂಗ್ಲಿಷ್ ಬೇಡದ, ಆದರೂ ಯಾವ ತರಬೇತಿಯ ಪಟ್ಟಿಯಲ್ಲೂ ಕಾಣದ ದಾರಿ ಇದು. ಹ್ಯೂಯೆನ್‌ತ್ಸಾಂಗ್ ತನ್ನ ಪ್ರವಾಸ ಕಥನದಲ್ಲಿ ‘ಮೋ-ಹೋ-ಲ-ಚ’, ಅಂದರೆ ಮಹಾರಾಷ್ಟ್ರ ದೇಶದ ಪುಲಕೇಶಿಯ ಬಗ್ಗೆ ಬರೆದಿದ್ದಾನೆ: ಉತ್ತರದ ಹರ್ಷನಿಗೆ ಎಲ್ಲರೂ ಮಣಿದರೂ ಈ ದೇಶದವರು ಮಣಿಯಲಿಲ್ಲ ಎಂದು. ಅದೇ ಸಂಗತಿಯನ್ನು 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಹಾಡಿಹೊಗಳಿದ್ದಾನೆ. ಒಬ್ಬ ಆಸ್ಥಾನ ಕವಿ, ಇನ್ನೊಬ್ಬ ಹರ್ಷನ ಆತಿಥ್ಯ ಉಂಡ ವಿದೇಶಿ ಭಿಕ್ಷು. ಯಾರನ್ನು ಎಷ್ಟು ನಂಬಬೇಕು ಎಂಬ ಪ್ರಶ್ನೆಗೆ ಇಷ್ಟು ಒಳ್ಳೆಯ ಜೋಡಿ ಎಲ್ಲಿ ಸಿಕ್ಕೀತು? ಚೀನೀ ಮೂಲವೊಂದನ್ನು ನಮ್ಮ ಶಿಕ್ಷಕರು ವರ್ಷ ವರ್ಷ ಕಲಿಸುತ್ತಲೇ ಇದ್ದಾರೆ, ಅದನ್ನು ಚೀನೀ ಮೂಲವೆಂದು ಗಮನಿಸದೆ.

ಜಾಗತಿಕ ಸಂಬಂಧದ ಪಾಠಕ್ಕೆ ಮಡಿಕೇರಿಯ ಜನರಲ್ ತಿಮ್ಮಯ್ಯನವರನ್ನು ಕರೆತನ್ನಿ. ಕೊರಿಯಾ ಯುದ್ಧ ನಿಂತ ಮೇಲೆ, ತಾಯ್ನಾಡಿಗೆ ಮರಳಲು ಒಲ್ಲದ ಯುದ್ಧಕೈದಿಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರು ಅವರು. 1953–54ರ ಚಳಿಯಲ್ಲಿ ಭಾರತೀಯ ಸೈನಿಕರ ಕಾವಲಿನಲ್ಲಿದ್ದ ಆ ಕೈದಿಗಳಲ್ಲಿ 14,000ಕ್ಕೂ ಹೆಚ್ಚು ಚೀನೀಯರು ಕೊನೆಗೆ ತೈವಾನಿಗೆ ಹೋದರು. ಎರಡು ಚೀನಾಗಳ ಜಗಳ ಏನು ಎಂದು ಮಕ್ಕಳಿಗೆ ವಿವರಿಸಲು ಈ ಒಂದು ಘಟನೆ ಸಾಕು. ಮಂಗಳೂರಿನ ಬೆನಗಲ್ ನರಸಿಂಗ ರಾವ್ ಅದಕ್ಕೂ ಮೊದಲೇ, 1950ರಲ್ಲಿ, ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿ ಬೀಜಿಂಗ್ ಸರ್ಕಾರಕ್ಕೆ ಸ್ಥಾನ ಸಿಗಬೇಕೆಂದು ವಾದಿಸಿದ್ದರು.

ಅರ್ಥಶಾಸ್ತ್ರದವರಿಗೆ ಬಳ್ಳಾರಿಯಿದೆ. ಚೀನಾದ ಉಕ್ಕಿನ ಉತ್ಪಾದನೆ 2000ರಲ್ಲಿ ಸುಮಾರು 13 ಕೋಟಿ ಟನ್, 2010ಕ್ಕೆ 60 ಕೋಟಿ ಟನ್ ದಾಟಿತ್ತು. 2008ರ ಬೀಜಿಂಗ್ ಒಲಿಂಪಿಕ್ಸ್‌ನ ಕ್ರೀಡಾಂಗಣಗಳೂ ಅವುಗಳ ಸುತ್ತ ಎದ್ದ ನಗರಗಳೂ ಅದಿರು ಬೇಡಿದವು. ಸಂಡೂರಿನ ಗುಡ್ಡಗಳು ಕರಗಿದವು, ಹೊಸಪೇಟೆಯ ರಸ್ತೆಗಳು ಕೆಂಪಾದವು, ಲಾರಿಗಳು ಅಂಕೋಲಾದ ಬೇಲೆಕೇರಿ ಬಂದರಿಗೆ ಸಾಲುಗಟ್ಟಿದವು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ರಫ್ತು ನಿಷೇಧಿಸಿತು, ಮರುವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಲೋಕಾಯುಕ್ತ ವರದಿಯ ಬಗ್ಗೆ ಕನ್ನಡ ಪತ್ರಿಕೆಗಳು ಬರೆದದ್ದನ್ನು ತೆಗೆದು, ಆ ಅದಿರು ಹಡಗಿನಿಂದ ಇಳಿದ ಊರುಗಳನ್ನು ಭೂಪಟದಲ್ಲಿ ಹುಡುಕಿಸಿ. ಜಾಗತೀಕರಣದ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿಸುವ ಕೆಲಸ ತಪ್ಪುತ್ತದೆ.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ, ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಕಡೆಯವರಿಗೆ ಟಿಬೆಟಿಯನ್ ನೆರೆಹೊರೆಯಿದೆ. ಬೈಲಕುಪ್ಪೆಯ ವಸತಿ ಎದ್ದದ್ದು 1961ರ ಹೊತ್ತಿಗೆ, ಮೈಸೂರು ರಾಜ್ಯ ಸರ್ಕಾರ ಕೊಟ್ಟ ಕಾಡುಭೂಮಿಯಲ್ಲಿ. ಅಲ್ಲಿನ ಹಿರಿಯರ ನೆನಪು ಟಿಬೆಟ್ ಕುರಿತ ಬೀಜಿಂಗ್‌ನ ಶ್ವೇತಪತ್ರಕ್ಕೆ ನೇರ ಎದುರು ನಿಲ್ಲುತ್ತದೆ. ಸುವರ್ಣ ದೇಗುಲದ ಮುಂದೆ ಗುಂಪಿನ ಫೋಟೊ ತೆಗೆಸಿಕೊಂಡು ಹಿಂದಿರುಗುವ ಶಾಲಾ ಪ್ರವಾಸಗಳ ಬಗ್ಗೆ ನನಗೆ ತಕರಾರಿದೆ. ಅಲ್ಲಿನ ಶಾಲೆಯ ಶಿಕ್ಷಕರೊಂದಿಗೆ ಒಂದು ಗಂಟೆ ಮೊದಲೇ ಗೊತ್ತುಮಾಡಿಕೊಂಡು ಹೋದರೆ ಪ್ರವಾಸದ ಬಣ್ಣವೇ ಬೇರೆಯಾಗುತ್ತದೆ. ಇದು ಗಾಯಗೊಂಡವರ ಸಾಕ್ಷ್ಯ, ಇಡೀ ಚೀನಾದ ಚಿತ್ರವಲ್ಲ ಎಂದೂ ಮಕ್ಕಳಿಗೆ ಹೇಳಬೇಕು.

ಮತ್ತು ಆ ವೈದ್ಯರು. ಕೋವಿಡ್‌ಗೆ ಮುನ್ನ ಚೀನಾದಲ್ಲಿ 23,000ದಷ್ಟು ಭಾರತೀಯ ವಿದ್ಯಾರ್ಥಿಗಳಿದ್ದರು, ಬಹುಪಾಲು ವೈದ್ಯಕೀಯ ಓದುತ್ತಿದ್ದವರು. ಅವರಲ್ಲಿ ಕೆಲವರು ನಮ್ಮ ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಲ್ಲಿದ್ದಾರೆ. ಹಾಸ್ಟೆಲಿನಲ್ಲಿ ಐದು ವರ್ಷ ಕಳೆದ, ಮಾರುಕಟ್ಟೆಯಲ್ಲಿ ಚೌಕಾಸಿ ಮಾಡಲು ಬೇಕಾದಷ್ಟು ಚೀನೀ ಭಾಷೆ ಬಲ್ಲ, ಅಲ್ಲಿನ ರೋಗಿಗಳ ಜೊತೆ ಮಾತನಾಡಿರುವ ಇಂಥವರನ್ನು ಒಂದು ಶನಿವಾರ ಶಾಲೆಗೆ ಕರೆಯಿರಿ. ಪ್ರಶ್ನೆಗಳನ್ನು ಮಕ್ಕಳಿಂದ ಹಿಂದಿನ ದಿನವೇ ಬರೆಸಿಕೊಳ್ಳಿ: ಬೆಳಗಿನ ತಿಂಡಿ ಏನು, ಸಹಪಾಠಿಗಳಿಗೆ ಅಣ್ಣ ತಂಗಿಯರಿದ್ದರೇ, ಗೂಗಲ್ ಇಲ್ಲದೆ ಹೇಗೆ ನಡೆಯುತ್ತಿತ್ತು, ಭಾರತದ ಬಗ್ಗೆ ಅಲ್ಲಿನವರು ಏನು ಕೇಳುತ್ತಿದ್ದರು, ವಸಂತ ಹಬ್ಬಕ್ಕೆ ಯಾರಾದರೂ ಮನೆಗೆ ಕರೆದರೇ. ಗಡಿಯ ವಿಷಯ ಎತ್ತಿ ಅವರನ್ನು ಮುಜುಗರಕ್ಕೆ ಸಿಲುಕಿಸಬೇಡಿ. ಅದಕ್ಕೆ ದೆಹಲಿಯ ಬುಧವಾರದ ಉಪನ್ಯಾಸಗಳಿವೆ.